ನೀನು ಬೇಡ ಅಂದ ಗುರಿ

ಮಹಡಿ ಮೇಲಿನ ನನ್ನ ದೊಡ್ಡಪ್ಪನಿಗೆ,

ನಿನ್ನೆ ಮಧ್ಯಾಹ್ನ ಫಿಸಿಕ್ಸ್ ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆ ಹೋಗಿಬಿಟ್ಟಿದ್ದೆ. ಕನಸಿನಲ್ಲಿ ನಿನ್ನ ವರ್ಕ್‌ಶಾಪ್ ಬಂತು. ಶೀಟಿನ ಸೂರಿನ ಸಂದಿಯಿಂದ ಬಿಸಿಲು ಉದ್ದುದ್ದಕ್ಕೆ ಇಳಿದಿತ್ತು. ಮೆಷಿನ್ನುಗಳೆಲ್ಲ ತಿರುಗುತ್ತಿದ್ದವು, ಆದರೆ ಒಂದಕ್ಕೂ ಸದ್ದಿಲ್ಲ. ಕಬ್ಬಿಣ ಕೊರೆಯುವಾಗ ಮೇಲಿಂದ ಬಿಡುತ್ತೀರಲ್ಲ, ಹಾಲಿನಂಥ ನೀರು, ಅದು ಮಾತ್ರ ತನ್ನ ಪಾಡಿಗೆ ತಾನು ಹರಿಯುತ್ತಿತ್ತು. ನೀನು ನೀಲಿ ಅಂಗಿ ತೊಟ್ಟು, ಕನ್ನಡಕ ಹಣೆಗೆ ಏರಿಸಿಕೊಂಡು, ಸಾಲಿನ ನಡುವೆ ನಿಧಾನಕ್ಕೆ ನಡೆದು ಬಂದೆ. "ಏನಮ್ಮಾ ಇನ್ಸ್‌ಪೆಕ್ಟ್ರೇ, ಓದ್ತಾ ಇದೀಯೋ, ಇಲ್ಲಾ ಗೊರ್ಕೆ ಹೊಡೀತಾ ಇದೀಯೋ?" ಅಂದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅಡಿಗೆಮನೆಯಲ್ಲಿ ಕುಕ್ಕರ್ ಕೂಗಿತು. ನೀನು ಹೋಗಿ ಎಂಟು ತಿಂಗಳಾಯಿತು. ಒಂದು ಸಲ ಕನಸಿಗೆ ಬರುವುದಕ್ಕೆ ಇಷ್ಟು ದಿನ ಬೇಕಾಯಿತಾ ನಿನಗೆ? ಸಿಟ್ಟಿದೆ ನನಗೆ ನಿನ್ನ ಮೇಲೆ. ಅಲ್ಲ, ಇತ್ತು. ಅದನ್ನು ಹೇಳುವುದಕ್ಕೇ ಬರೆಯುತ್ತಿದ್ದೇನೆ.

ಆಷಾಢದ ಗಾಳಿ ಬೀಸುತ್ತಿದ್ದ ಆ ಸಂಜೆ ನಿನಗೆ ನೆನಪಿರಬೇಕು. ಒಗೆದು ಹಾಕಿದ ಬಟ್ಟೆ ಹಾರಿಹೋಗದಂತೆ ನೀನು ಟೆರೇಸಿನಲ್ಲಿ ಕ್ಲಿಪ್ಪು ಸಿಗಿಸುತ್ತಿದ್ದೆ. ನಾನು ಟೀ ತಂದುಕೊಟ್ಟೆ. ಎಷ್ಟೋ ದಿನದಿಂದ ಒಳಗೇ ಇಟ್ಟುಕೊಂಡಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ. "ದೊಡ್ಡಪ್ಪಾ, ಪಿಯುಸಿ ಆದ್ಮೇಲೆ ನಾನು ಕಂಪ್ಯೂಟರ್ ಇಂಜಿನಿಯರಿಂಗ್ ಮಾಡಲ್ಲ. ಟೂಲ್ ಅಂಡ್ ಡೈ ಡಿಪ್ಲೊಮಾ ಸೇರ್ತೀನಿ. ನಿನ್ ಥರ ಅಚ್ಚು ಮಾಡ್ತೀನಿ." ನೀನು ನನ್ನ ಮುಖ ನೋಡಲಿಲ್ಲ. ನಿನ್ನ ಎಡಗೈ ನೋಡಿಕೊಂಡೆ, ತೋರುಬೆರಳಿನ ತುದಿಯಿಲ್ಲದ ಆ ಕೈ. "ಬ್ಯಾಡ ಕಣಮ್ಮ," ಅಂದೆ. ಅಷ್ಟೇ. ಟೀ ಲೋಟವನ್ನು ಮೋಟುಗೋಡೆಯ ಮೇಲೆ ಬಿಟ್ಟು ನೀನು ಒಳಗೆ ಹೋದೆ. ಮೂರು ವಾರ ನೀನೂ ಅದರ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಆಮೇಲೆ ಒಂದು ಬೆಳಿಗ್ಗೆ, ಷಿಫ್ಟಿಗೆ ಹೊರಡಲು ಶೂ ಹಾಕಿಕೊಳ್ಳುತ್ತಿದ್ದವನು ಎದೆ ಹಿಡಿದುಕೊಂಡು ಹಾಗೇ ಮಂಚಕ್ಕೆ ಒರಗಿದೆ. ಹೀಗಾ ಹೋಗುವುದು ಮನುಷ್ಯ? ಮಾತನ್ನು ಅರ್ಧಕ್ಕೇ ನಿಲ್ಲಿಸಿ...

ರಜೆ ಮುಗಿದು ಜನವರಿಯಲ್ಲಿ ಕಾಲೇಜು ಮತ್ತೆ ಶುರುವಾದ ಮೊದಲ ವಾರ ನಮಗೆಲ್ಲ ಒಂದೊಂದು ಹಾಳೆ ಹಂಚಿದರು. ಮೇಲೆ ದಪ್ಪ ಅಕ್ಷರದಲ್ಲಿ 'ನನ್ನ ಗುರಿ' ಅಂತ ಇತ್ತು. ಕೆಳಗೆ ಮೂರು ಮನೆ: ಪರೀಕ್ಷೆಯವರೆಗಿನ ಗುರಿ, ಒಂದು ವರ್ಷದ ಗುರಿ, ಐದು ವರ್ಷದ ಗುರಿ. ಕೊನೆಯಲ್ಲಿ ತಂದೆಯ ಅಥವಾ ತಾಯಿಯ ಸಹಿ. ವಾರ್ಷಿಕ ಪರೀಕ್ಷೆಗೆ ಮುಂಚೆ ವಾಪಸು ಕೊಟ್ಟರಾಯಿತು. ನಮ್ಮ ಕ್ಲಾಸ್ ಟೀಚರ್ ಶೈಲಜಾ ಮೇಡಂ ಹೇಳಿದರು: "ಚೆನ್ನಾಗಿ ಓದ್ತೀನಿ, ಒಳ್ಳೆ ಹೆಸರು ತಗೋತೀನಿ ಅಂತೆಲ್ಲ ಬರೀಬೇಡ್ರಮ್ಮ. ಅದು ಗುರಿ ಅಲ್ಲ, ಹಾರೈಕೆ. ಎಷ್ಟು, ಯಾವತ್ತಿನೊಳಗೆ, ಹೇಗೆ? ಅಳತೆಗೆ ಸಿಗ್ಬೇಕು." ನನಗೆ ನಗು ತಡೆಯಲಾಗಲಿಲ್ಲ ದೊಡ್ಡಪ್ಪಾ. ಮೇಡಂ ಎಬ್ಬಿಸಿ ನಿಲ್ಲಿಸಿದರು. ನಿಂತೇ ಇದ್ದೆ, ನಿಂತು ನಿನ್ನನ್ನು ನೆನೆಸಿಕೊಳ್ಳುತ್ತಿದ್ದೆ.

ಏಳನೇ ಕ್ಲಾಸಿನ ಬೇಸಿಗೆ ರಜೆ ಅದು. ಅಮ್ಮ ಕಟ್ಟಿಕೊಟ್ಟ ಊಟದ ಡಬ್ಬಿ ಹಿಡಿದು ನಾಗಸಂದ್ರದಿಂದ ಪೀಣ್ಯ ಸೆಕೆಂಡ್ ಸ್ಟೇಜಿಗೆ ಅಪ್ಪನ ಸ್ಕೂಟರಿನ ಹಿಂದೆ ಕೂತು ಬರುತ್ತಿದ್ದೆ. ಅಪ್ಪ ನನ್ನನ್ನು ನಿನ್ನ ಸ್ಟೂಲಿನ ಮೇಲೆ ಕೂರಿಸಿ ಗೋಡೌನ್ ಕೆಲಸಕ್ಕೆ ಮಾದನಾಯಕನಹಳ್ಳಿಗೆ ಹೋಗುತ್ತಿದ್ದರು. ಹೊತ್ತು ಹೋಗಲಿ ಅಂತ ನೀನು ವರ್ನಿಯರ್ ಕೈಗೆ ಕೊಟ್ಟೆ. ಸಣ್ಣ ಪುಟ್ಟದನ್ನೆಲ್ಲ ಕಚ್ಚಿ ಹಿಡಿದು ಅಳೆಯುವ ಆ ಸ್ಕೇಲು ನನ್ನ ಮೊದಲ ಆಟದ ಸಾಮಾನು. ಬಳೆ ಅಳೆದೆ, ಬಿಸ್ಕತ್ತು ಅಳೆದೆ. ಒಂದು ತುಂಡು ಕಬ್ಬಿಣ ಅಳೆದು "ಸ್ವಲ್ಪ ದಪ್ಪ ಇದೆ ದೊಡ್ಡಪ್ಪಾ" ಅಂದೆ. ನೀನು ಮೆಷಿನ್ ನಿಲ್ಲಿಸಿದೆ. "ಸೊಲ್ಪ ಅಂದ್ರೆ ಎಷ್ಟಮ್ಮಾ? ನಿಮ್ಮವ್ವ ಸಾರಿಗೆ ಉಪ್ಪು ಆಕ್ದಂಗಾ?" ಅಂತ ಕೇಳಿ, ನಂಬರು ಹೇಳುವ ತನಕ ಡಬ್ಬಿ ತೆಗೆಯಲಿಲ್ಲ. ಆವತ್ತಿನಿಂದಲೇ ಅಲ್ಲವಾ ನೀನು ನನ್ನನ್ನು, ಅಲ್ಲಿ ಅಳತೆ ಚೆಕ್ ಮಾಡುವವರನ್ನು ಕರೆದಂತೆ, ಇನ್ಸ್‌ಪೆಕ್ಟರಮ್ಮ ಅಂತ ಕರೆಯತೊಡಗಿದ್ದು? ಆವತ್ತಿನಿಂದಲೇ ನನಗೆ ಅಲ್ಲಿನ ಹುಚ್ಚು ಹಿಡಿದದ್ದು. ನೀನು ಮಾಡಿದ ಒಂದು ಅಚ್ಚಿನಿಂದ ಫ್ಯಾನಿನ ಮೋಟರಿಗೆ ಹಾಕುವ ಸಾವಿರಾರು ತಗಡಿನ ಬಿಲ್ಲೆ ಉದುರುತ್ತಿದ್ದವು, ಒಂದರಂತೆ ಇನ್ನೊಂದು. ಊರಿನ ಯಾವ ಮನೆಯ ಫ್ಯಾನಿನೊಳಗೆ ಯಾವ ಬಿಲ್ಲೆ ಕೂತಿದೆಯೋ ಯಾರಿಗೆ ಗೊತ್ತು? ನನಗೆ ಈಗಲೂ ಯಾರ ಮನೆಗೆ ಹೋದರೂ ತಲೆಯೆತ್ತಿ ಫ್ಯಾನು ನೋಡುವ ಚಾಳಿ ಇದೆ.

ಅಷ್ಟೆಲ್ಲ ಇದ್ದೂ ಆ ಹಾಳೆಯನ್ನು ಮೊದಲ ಸಲ ತುಂಬಿದ್ದು ಹೇಗೆ ಗೊತ್ತಾ? ಐದು ವರ್ಷದ ಮನೆಯಲ್ಲಿ 'ಸಾಫ್ಟ್‌ವೇರ್ ಇಂಜಿನಿಯರ್' ಅಂತ ಬರೆದೆ. ಮುಂದಿನ ಬೆಂಚಿನವಳು ಬರೆದದ್ದನ್ನು ನೋಡಿ, ಹಾಗೇ. ನೀನೇ ಬೇಡ ಅಂದಮೇಲೆ ನನಗೆ ಬೇರೆ ಬರೆಯುವ ಧೈರ್ಯ ಎಲ್ಲಿಂದ ಬರಬೇಕು? ಪರೀಕ್ಷೆಯವರೆಗಿನ ಗುರಿಗೆ ಎಲ್ಲ ಸಬ್ಜೆಕ್ಟಿನಲ್ಲೂ ತೊಂಬತ್ತೈದು ಅಂತ ಜಂಭದಿಂದ ಬರೆದು, ಮೇಡಂ ಹೇಳಿದಂತೆ ಟೈಮ್‌ಟೇಬಲ್ಲೂ ಮಾಡಿದೆ. ಐದಕ್ಕೆ ಏಳುವುದು, ಐದೂ ಹತ್ತಕ್ಕೆ ಪುಸ್ತಕ, ಆರೂವರೆಗೆ ಹಲ್ಲುಜ್ಜುವುದು, ಆರೂ ನಲವತ್ತಕ್ಕೆ ಮತ್ತೆ ಪುಸ್ತಕ. ಹೀಗೆ ನಿಮಿಷ ನಿಮಿಷಕ್ಕೂ ಲೆಕ್ಕವಿಟ್ಟು ಬಣ್ಣ ಬಣ್ಣದ ಪೆನ್ನಿನಲ್ಲಿ. ಅಪ್ಪ ಹಿಗ್ಗಿ ಹೀರೇಕಾಯಿಯಾಗಿ ಅದನ್ನು ಫ್ರಿಜ್ಜಿಗೆ ಅಂಟಿಸಿದರು. ಎಂಟು ದಿನ ನಡೆಯಿತು. ಒಂಬತ್ತನೇ ದಿನ ಅತ್ತೆ ಮಗಳ ಸೀಮಂತ, ಹತ್ತನೇ ದಿನ ಜ್ವರ. ಎರಡು ದಿನ ಹಿಂದೆ ಬಿದ್ದದ್ದೇ ತಡ, ತಲೆ ಚಿಟ್ಟು ಹಿಡಿದು ಪೂರ್ತಿ ಕೈಬಿಟ್ಟೆ. ಪ್ರಿಪರೇಟರಿ ಪರೀಕ್ಷೆಯಲ್ಲಿ ಫಿಸಿಕ್ಸಿಗೆ ಎಪ್ಪತ್ತಕ್ಕೆ ಇಪ್ಪತ್ತೆಂಟು ಬಂತು. ಟೆರೇಸಿಗೆ ಹೋಗಿ ನಿನ್ನ ಕೋಣೆಯ ಬೀಗ ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತೆ.

ಅಲ್ಲಿ ಕೂತಾಗಲೇ ನಿನ್ನ ಆ ಪಂಚಿನ ಕತೆ ನೆನಪಾಗಿದ್ದು. ನೀನು ಹೊಸದಾಗಿ ಕೆಲಸಕ್ಕೆ ಸೇರಿದಾಗ ನಿನ್ನ ಕೈಗೆ ಒಂದು ಪಂಚು ಮಾಡುವ ಕೆಲಸ ಕೊಟ್ಟಿದ್ದರಂತೆ, ತಗಡಿಗೆ ತೂತು ಹೊಡೆಯುವ ಉಕ್ಕಿನ ಗೂಟ. ಡ್ರಾಯಿಂಗಿನಲ್ಲಿ ಇದ್ದ ಅಳತೆಗೆ ಕೂದಲಷ್ಟೂ ಹೆಚ್ಚುಕಮ್ಮಿ ಇಲ್ಲದಂತೆ ಕೊರೆದು, ಮೀಸೆ ತಿರುವಿಕೊಂಡು ಫೋರ್‌ಮನ್ ಮುಂದೆ ಇಟ್ಟೆಯಂತೆ. ಅವರು ಅಳೆದು ನೋಡಿ ನಕ್ಕರಂತೆ. ಉಕ್ಕನ್ನು ಗಟ್ಟಿ ಮಾಡಲು ಬೆಂಕಿಗೆ ಕೊಡುತ್ತಾರೆ, ಬೆಂಕಿಯಿಂದ ಬಂದಾಗ ಅದು ಒಂಚೂರು ಸೊಟ್ಟಗಾಗಿಯೇ ಆಗುತ್ತದೆ, ಆ ಸೊಟ್ಟವನ್ನು ಆಮೇಲೆ ಗ್ರೈಂಡಿಂಗ್ ಮೆಷಿನ್ನಿನಲ್ಲಿ ಉಜ್ಜಿ ತೆಗೆಯಬೇಕು. ಉಜ್ಜುವುದಕ್ಕೆ ಮೂರು ಕೂದಲಿನಷ್ಟಾದರೂ ದಪ್ಪ ಮೊದಲೇ ಬಿಟ್ಟಿರಬೇಕು. ನೀನು ಬಿಟ್ಟಿರಲಿಲ್ಲ. "ಅಳ್ತೆಗೆ ತಂದೆ ಸರಿ ಕಣಯ್ಯಾ, ಬೆಂಕಿಗೆ ಏನ್ ಬಿಟ್ಟಿದೀಯ?" ಅಂತ ಕೇಳಿದರಂತೆ ಫೋರ್‌ಮನ್. ಈ ಕತೆ ಹೇಳುವಾಗೆಲ್ಲ ನೀನು ಮೂವತ್ತು ವರ್ಷದ ಮೇಲೂ ನಾಚಿಕೊಳ್ಳುತ್ತಿದ್ದೆ.

ಕೆಳಗಿಳಿದು ಬಂದು ಫ್ರಿಜ್ಜಿನ ಮೇಲಿದ್ದ ಬಣ್ಣದ ಹಾಳೆ ಕಿತ್ತೆ. ಹೊಸದರಲ್ಲಿ ದಿನಕ್ಕೆ ಎರಡೇ ಕೆಲಸ ಬರೆದೆ: ಒಂದು ಕಷ್ಟದ ಪಾಠ, ಒಂದು ಹಳೇ ಪ್ರಶ್ನೆಪತ್ರಿಕೆ. ಬುಧವಾರ ಸಂಜೆ, ಭಾನುವಾರ ಇಡೀ ದಿನ ಖಾಲಿ ಬಿಟ್ಟೆ. "ಇದೇನಿದು, ಭಾನ್ವಾರ ಸೋಮಾರಿತನಾನಾ?" ಅಂದರು ಅಪ್ಪ. "ಅದು ಬೆಂಕಿಗೆ ಬಿಟ್ಟಿದ್ದು," ಅಂದೆ. ಅವರಿಗೆ ಅರ್ಥವಾಗಲಿಲ್ಲ. ಗುರಿಯ ಹಾಳೆಯಲ್ಲಿ ಫಿಸಿಕ್ಸಿನ ತೊಂಬತ್ತೈದನ್ನು ಹೊಡೆದುಹಾಕಿ, ಫೆಬ್ರವರಿ ಮುಗಿಯುವುದರೊಳಗೆ ಎಪ್ಪತ್ತಕ್ಕೆ ನಲವತ್ತೈದು ಅಂತ ಬರೆದೆ. ಎರಡನೇ ಪ್ರಿಪರೇಟರಿಯಲ್ಲಿ ನಲವತ್ತಾರು ಬಂತು ದೊಡ್ಡಪ್ಪಾ. ಒಂದು ಜಾಸ್ತಿ. ಸ್ವಲ್ಪ ಜಾಸ್ತಿ ಅಲ್ಲ, ಒಂದು.

ಆ ನಲವತ್ತಾರು ಬಂದ ದಿನವೇ ಐದು ವರ್ಷದ ಮನೆಯಲ್ಲಿ ಇದ್ದದ್ದರ ಮೇಲೆ ವೈಟ್ನರ್ ಬಳಿದೆ. ಅಲ್ಲಿ ಇದ್ದದ್ದು ಬೇರೆಯವರ ಡ್ರಾಯಿಂಗ್, ನನ್ನದಲ್ಲ. ಅದು ಒಣಗುವ ತನಕ ಕಾದು ಬರೆದೆ: 'ಈ ವರ್ಷ ಡಿಪ್ಲೊಮಾದ ಪ್ರವೇಶ ಪರೀಕ್ಷೆ. ನಾಲ್ಕು ವರ್ಷ ಕೋರ್ಸು. ಐದನೇ ವರ್ಷದ ಕೊನೆಯೊಳಗೆ ನಾನೊಬ್ಬಳೇ ಡ್ರಾಯಿಂಗ್ ಓದಿ, ನಾನೊಬ್ಬಳೇ ಒಂದು ಅಚ್ಚು ಮಾಡಿ ಮುಗಿಸಬೇಕು.' ಹದಿನೇಳು ವರ್ಷಕ್ಕೆ ನಾನು ಅಷ್ಟು ನಿಜವಾದ ಮಾತನ್ನು ಬರೆದದ್ದು ಅದೇ ಮೊದಲು.

ಅಪ್ಪ ಊಟಕ್ಕೆ ಕೂತಾಗ ಹಾಳೆ ಮುಂದಿಟ್ಟೆ. ಓದಿದರು, ಮತ್ತೆ ಓದಿದರು, ತಟ್ಟೆ ಪಕ್ಕಕ್ಕೆ ಸರಿಸಿದರು. "ಹೆಣ್ಣ್ ಹುಡ್ಗಿ ಎಣ್ಣೆ ಗ್ರೀಸಲ್ಲಿ ನಿಂತ್ಕೊಳ್ಳೋದು ಬೇಡ ಅಂತ ನಾನ್ ಹೇಳ್ತಿಲ್ಲ," ಅಂದರು. "ಮೂವತ್ತೈದು ವರ್ಷ ಅಲ್ಲೇ ಸವೆದನಲ್ಲ ನಮ್ಮಣ್ಣ, ಅವನೇ ಬ್ಯಾಡ ಅಂದ ಅಂತ ನೀನೇ ಅಲ್ವಾ ಹೇಳಿದ್ದು? ಅವನಿಗಿಂತ ನಂಗೆ ಜಾಸ್ತಿ ಗೊತ್ತಾ?" ಸಹಿ ಹಾಕದೆ ಹಾಳೆಯನ್ನು ನನ್ನ ಕಡೆಗೆ ತಳ್ಳಿದರು. ನೀನು ಬದುಕಿದ್ದಾಗ ಅಪ್ಪ ನಿನ್ನ ಮಾತಿಗೆ ಇಷ್ಟು ಬೆಲೆ ಕೊಟ್ಟಿದ್ದನ್ನು ನಾನಂತೂ ನೋಡಿಲ್ಲ. ಸತ್ತ ಮೇಲೆ ನಿನ್ನ ಒಂದೇ ಒಂದು ಮಾತು ನನ್ನ ದಾರಿಗೆ ಅಡ್ಡ ಬಂದು ನಿಂತಿತು, ಅದೂ 'ಬ್ಯಾಡ'. ಆ ದಿನ ನಿನ್ನ ಫೋಟೋ ಕಡೆ ಬೆನ್ನು ಹಾಕಿ ಓದಿದೆ. ಗೊತ್ತಾಯ್ತಾ ಸಿಟ್ಟು ಯಾಕೆ ಅಂತ?

ಮುಂದಿನ ಶನಿವಾರ ಮಧ್ಯಾಹ್ನ ಕಾಲೇಜಿನಿಂದ ಸೀದಾ ಮೆಟ್ರೋ ಹತ್ತಿದೆ. ವರ್ಕ್‌ಶಾಪಿನ ನಿನ್ನ ಲಾಕರಿನ ಕೀ ನಮ್ಮಲ್ಲೇ ಉಳಿದಿತ್ತು, ವಾಪಸು ಕೊಡುವ ನೆಪ. ನಿಜವಾಗಿ ನನಗೆ ಬೇಕಿದ್ದದ್ದು ಒಂದೇ, ನೀನು ಯಾಕೆ ಬೇಡ ಅಂದೆ ಅಂತ ಯಾರಾದರೂ ಹೇಳಬೇಕಿತ್ತು. ಮೇಲಿನಿಂದ ನೋಡಿದರೆ ಪೀಣ್ಯ ಬರೀ ಶೀಟುಗಳ ಸಮುದ್ರ. ಬಿಸಿಲಿಗೆ ಹೊಳೆಯುತ್ತಾ, ರೈಲು ಮುಂದೆ ಹೋದಂತೆ ಹಿಂದಕ್ಕೆ ತೇಲುತ್ತಾ... ಆ ಶೀಟುಗಳ ಅಡಿಯಲ್ಲಿ ಎಷ್ಟು ಜನ ಬಗ್ಗಿ ನಿಂತಿರಬಹುದು? ಅವರಲ್ಲಿ ಒಬ್ಬ ನೀನೇ ಆಗಿರಬಾರದೇಕೆ ಅಂತ ಅನ್ನಿಸಿತು. ಇಳಿಯುವ ಸ್ಟೇಷನ್ ಇನ್ನೇನು ತಪ್ಪಿಹೋಗುತ್ತಿತ್ತು.

ಮುರುಗೇಶಣ್ಣ ಗ್ರೈಂಡಿಂಗ್ ಮೆಷಿನ್ ಹತ್ತಿರವೇ ಇದ್ದರು, ಇಪ್ಪತ್ತು ವರ್ಷ ನಿನ್ನ ಪಕ್ಕ ನಿಂತವರು. ನನ್ನನ್ನು ನೋಡಿ ಕೈ ಒರೆಸಿಕೊಂಡು ಬಂದರು. ಕೀ ಕೊಟ್ಟೆ, ಹಾಳೆ ತೋರಿಸಿದೆ, ನೀನು ಬೇಡ ಅಂದದ್ದನ್ನೂ ಹೇಳಿದೆ. ಅವರು ಕಣ್ಣರಳಿಸಿಕೊಂಡು ನೋಡಿದರು. "ಅಯ್ಯೋ, ಬೇಡ ಅಂದ್ರಾ? ಅಂಗಾದ್ರೆ ನಮ್ ಓನರ್ ಪ್ರಾಣ ಯಾಕಮ್ಮಾ ತಿಂದ್ರು ಮೂರು ವಾರ?"

ಆಮೇಲೆ ಅವರು ಹೇಳಿದ್ದನ್ನು ನಿನಗೇ ಹೇಳುವುದು ವಿಚಿತ್ರ. ಆದರೂ ಹೇಳುತ್ತೇನೆ, ಯಾಕೆಂದರೆ ನೀನು ನನಗೆ ಹೇಳಲಿಲ್ಲ. ಟೆರೇಸಿನಲ್ಲಿ ನಾನು ಬಾಯಿಬಿಟ್ಟ ಮಾರನೇ ದಿನವೇ ನೀನು ಓನರ್ ರೂಮಿಗೆ ಹೋಗಿ, ಹೆಂಗಸರಿಗೆ ಒಂದು ಟಾಯ್ಲೆಟ್ ಕಟ್ಟಿಸಿ ಅಂತ ಕೇಳಿದೆಯಂತೆ. ಅಲ್ಲಿ ಇಪ್ಪತ್ತೆರಡು ಗಂಡಸರು, ಚಿಲಕವಿಲ್ಲದ ಒಂದೇ ತಗಡಿನ ಬಾಗಿಲು. "ಇಲ್ಲಿ ಯಾವ ಲೇಡೀಸ್ ಇದಾರ್ರೀ?" ಅಂದರಂತೆ ಓನರ್. "ಇಲ್ಲ ಸಾರ್, ಅದಿಲ್ದೇ ಇರೋದ್ಕೇ ಯಾರೂ ಇಲ್ಲ," ಅಂದೆಯಂತೆ. ದಿನಾ ಬೆಳಿಗ್ಗೆ ಹಾಜರಿಯ ಪಂಚಿಂಗ್ ಆದಮೇಲೆ ಹೋಗಿ ಅದನ್ನೇ ಕೇಳುವುದು. ಅವರಿಗೆ ರೋಸಿಹೋಗಿ, ನಿಮ್ಮ ಮನೆ ಹುಡುಗಿಗೆ ಇಲ್ಲೇ ಕೆಲಸ ಬೇಕಾ, ನೇರವಾಗಿ ಕೇಳಿ ಅಂದಾಗ ನೀನು ಹೇಳಿದ್ದನ್ನು ಮುರುಗೇಶಣ್ಣ ನಿನ್ನ ದನಿಯಲ್ಲೇ ಹೇಳಿ ತೋರಿಸಿದರು: "ನಮ್ಮುಡ್ಗಿ ಒಬ್ಳು ಈ ಲೈನಿಗೆ ಬರ್ತಾವ್ಳೆ ಸಾರ್. ಇಲ್ಲಿಗೇ ಬರ್ತಾಳೆ ಅಂತಲ್ಲ. ಎಲ್ಲಿಗೋ ಓಗ್ತಾಳೆ. ಓದ ಕಡೆ ನನ್ನಂತೋನು ಯಾವನಾದ್ರೂ ಮೊದ್ಲೇ ಕೇಳಿರ್ಬೇಕಲ್ಲ?"

'ಬರ್ತಾವ್ಳೆ' ಅಂದೆಯಾ ದೊಡ್ಡಪ್ಪಾ? ನನ್ನ ಮುಂದೆ 'ಬ್ಯಾಡ' ಅಂದವನು, ಮಾರನೇ ದಿನ ಅಲ್ಲಿ ಹೋಗಿ 'ಬರ್ತಾವ್ಳೆ' ಅಂದೆಯಾ?

ಮುರುಗೇಶಣ್ಣ ನನ್ನನ್ನು ಹಿಂದಿನ ಗೋಡೆಯ ಹತ್ತಿರ ಕರೆದುಕೊಂಡು ಹೋದರು. ನೀನು ಹೋದಮೇಲೆ ಓನರಿಗೆ ಮನಸ್ಸು ತಡೆಯಲಿಲ್ಲವಂತೆ, ಆಯುಧಪೂಜೆಗೆ ಮುಂಚೆ ಕಟ್ಟಿಸಿದರಂತೆ. ಚಿಕ್ಕ ಕೋಣೆ, ಬಿಳಿ ಟೈಲ್ಸು, ಮೇಲೊಂದು ಗಾಳಿಕಿಂಡಿ. ಬಾಗಿಲಿಗೆ ಅಂಗಡಿಯ ಚಿಲಕ ಇರಲಿಲ್ಲ. ನಿನ್ನ ಕೊನೆಯ ವಾರ ಊಟದ ಹೊತ್ತಿನಲ್ಲಿ ನೀನೇ ಒಂದು ತುಂಡು ಉಕ್ಕಿನಲ್ಲಿ ಚಿಲಕ ಮಾಡಿಟ್ಟಿದ್ದೆಯಂತೆ, ಇನ್ನೂ ಗೋಡೆಯೇ ಏಳದ ಕೋಣೆಗೆ. ಮುರುಗೇಶಣ್ಣನ ಕೈಯಲ್ಲಿ ಅದನ್ನು ಉಜ್ಜಿಸಿದೆಯಂತೆ. ನಾನು ಒಳಗೆ ಹೋದೆ. ಬಾಗಿಲು ಮುಂದೆ ಮಾಡಿ ಚಿಲಕ ಸರಿಸಿದೆ. ಒಂದು ಬೆರಳು ಸಾಕಾಯಿತು, ಸದ್ದೇ ಇಲ್ಲದೆ ಹೋಗಿ ಕೂತಿತು. ನಾನು ಅಲ್ಲೇ ನಿಂತು ಅತ್ತೆ ದೊಡ್ಡಪ್ಪಾ. ನೀನು ಹೋದ ದಿನ ಬಾರದ ಅಳು ಅಲ್ಲಿ ಬಂತು. ಹೊರಗೆ ಮುರುಗೇಶಣ್ಣ ಮೆಷಿನ್ ಚಾಲು ಮಾಡಿದರು, ಯಾರಿಗೂ ಕೇಳಿಸದಿರಲಿ ಅಂತ ಇರಬೇಕು.

ಮಾರನೇ ದಿನ ಭಾನುವಾರ ಬೆಳಿಗ್ಗೆ ಅಲ್ಲಿ ಓವರ್‌ಟೈಮ್ ಇತ್ತು. ಅಪ್ಪನನ್ನು ಎಲ್ಲಿಗೆ ಅಂತ ಹೇಳದೆ ಹೊರಡಿಸಿಕೊಂಡು ಬಂದೆ. ಮುರುಗೇಶಣ್ಣ ಅವರಿಗೂ ಎಲ್ಲವನ್ನೂ ಹೇಳಿದರು. ಅಪ್ಪ ಆ ಬಾಗಿಲ ಮುಂದೆ ನಿಂತು ಚಿಲಕ ಸರಿಸಿದರು, ತೆಗೆದರು, ಮತ್ತೆ ಸರಿಸಿದರು. "ಅಣ್ಣಂದೇ ಕೆಲ್ಸ ಇದು," ಅಂದರು. ಆಮೇಲೆ, "ಅಲ್ಲಾ, ನಂಗೊಂದ್ ಮಾತು ಹೇಳಿದ್ರೆ ಇವನ ಗಂಟೇನು ಹೋಗ್ತಿತ್ತು?" ಅಂತ ನಿನ್ನನ್ನು ಬೈದರು. ಬೈಯುತ್ತಲೇ ಕರವಸ್ತ್ರ ತೆಗೆದರು. ಗೇಟಿನ ಹೊರಗೆ ಸ್ಕೂಟರ್ ಹತ್ತುವ ಮುಂಚೆ ಕೈ ಚಾಚಿದರು. "ಕೊಡಿಲ್ಲಿ ಆ ಹಾಳೆ. ಸಿಇಟಿನೂ ಬರೀಬೇಕು, ಆಯ್ತಾ? ಅದೂ ಇರ್ಲಿ." ಆಯಿತು ಅಂದೆ. ಸ್ಕೂಟರ್ ಸೀಟಿನ ಮೇಲೆ ಹಾಳೆಯಿಟ್ಟು ಸಹಿ ಹಾಕಿದರು. ಸೀಟು ಮೆತ್ತಗೆ, ಪೆನ್ನು ಒತ್ತಿ ಒಂದು ಕಡೆ ತೂತೇ ಬಿತ್ತು. ಸೋಮವಾರ ಶೈಲಜಾ ಮೇಡಂ ಹಾಳೆ ಓದಿ, ಇಡೀ ಕ್ಲಾಸಿಗೆ ಗಟ್ಟಿಯಾಗಿ ಓದಿ ಹೇಳು ಅಂದರು. ಓದಿದೆ.

ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಿದ್ದಾಯಿತು. ಪಿಯುಸಿ ಪರೀಕ್ಷೆ ಇದೇ ತಿಂಗಳು. ಸೀಟು ಸಿಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಸಿಗದಿದ್ದರೆ ಮುಂದಿನ ವರ್ಷ ಮತ್ತೆ ಬರೆಯುತ್ತೇನೆ ಅಂತ ಒಂದು ವರ್ಷದ ಮನೆಯಲ್ಲಿ ಬರೆದಿದ್ದೇನೆ. ಇನ್ನೊಂದು ಮಾತನ್ನು ಹಾಳೆಯಲ್ಲಿ ಬರೆದಿಲ್ಲ, ನಿನಗೆ ಮಾತ್ರ ಹೇಳುತ್ತೇನೆ. ಮುಂದೆ ಯಾವ ವರ್ಕ್‌ಶಾಪಿಗೆ ಹೋದರೂ ಮೊದಲನೇ ದಿನ ಮೆಷಿನ್ ಮುಟ್ಟುವ ಮುಂಚೆ ಆ ಬಾಗಿಲು ಎಲ್ಲಿದೆ ಅಂತ ಕೇಳುತ್ತೇನೆ. ಇಲ್ಲದಿದ್ದರೆ ಕಟ್ಟುವ ತನಕ ದಿನಾ ಕೇಳುತ್ತೇನೆ, ನನಗೆ ಬೇಕಾಗಲಿ ಬೇಡವಾಗಲಿ.

ಮತ್ತೆ ಒಂದು ಸುದ್ದಿ. ಮೊನ್ನೆ ಸಂಜೆ ಮುರುಗೇಶಣ್ಣ ಅಪ್ಪನಿಗೆ ಫೋನ್ ಮಾಡಿದ್ದರು. ಸೋಮವಾರದಿಂದ ನಿನ್ನ ವರ್ಕ್‌ಶಾಪಿಗೆ ಒಬ್ಬಳು ಹುಡುಗಿ ಕೆಲಸಕ್ಕೆ ಬರುತ್ತಿದ್ದಾಳಂತೆ, ತುಮಕೂರು ಕಡೆಯವಳು, ಡಿಪ್ಲೊಮಾ ಮುಗಿಸಿದವಳು. ಕೇಳಿ ಮೊದಲು ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ? ಆಮೇಲೆ ಟೆರೇಸಿಗೆ ಹೋಗಿ ಒಣಗಿದ ಬಟ್ಟೆ ತೆಗೆಯುತ್ತಾ ಅವಳನ್ನೇ ಯೋಚಿಸಿದೆ. ಅವಳಿಗೆ ನೀನು ಯಾರೋ ಗೊತ್ತಿಲ್ಲ. ಮೂರು ವಾರ ಯಾರು ಯಾರ ಪ್ರಾಣ ತಿಂದರು ಅಂತಲೂ ಗೊತ್ತಿಲ್ಲ. ಕೆಲಸದ ಮಧ್ಯೆ ಎದ್ದು ಹೋಗುತ್ತಾಳೆ, ಚಿಲಕ ಹಾಕಿಕೊಳ್ಳುತ್ತಾಳೆ, ಮತ್ತೆ ಬಂದು ಮೆಷಿನ್ ಮುಂದೆ ನಿಲ್ಲುತ್ತಾಳೆ.

ಸಿಂಚನಾ